ಮೂರು ಸಲ ಕೀಂ ಎಂದರೆ

"ಐವತ್ತೆಂಟು, ಐವತ್ತೊಂಬತ್ತು, ಅರವತ್ತು..."

ದರ್ಜಿಯ ಮನೆಯ ಮೆಟ್ಟಿಲ ಬದಿಯಲ್ಲಿ ಬಿಟ್ಟಿದ್ದ ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ ಎಣಿಸುತ್ತ ಬಂದ ರೇಡಿಯೊದವನು ಅರವತ್ತೊಂದನೆಯದರ ಹತ್ತಿರ ನಿಂತ. ಹಿಮ್ಮಡಿ ಸವೆದ ಆ ಕಂದು ಚಪ್ಪಲಿ ಅವನದೇ. ತನ್ನದನ್ನೂ ಸೇರಿಸಿ ಸತ್ತ ದರ್ಜಿಯ ಲೆಕ್ಕ ಹೆಚ್ಚಿಸುವುದು ಯಾಕೆ ಎಂದು ಅದನ್ನು ಬಿಟ್ಟ. ಅರವತ್ತೇ ಇರಲಿ. ಅರವತ್ತೂ ಹೆಚ್ಚೇ. ಇನ್ನೂ ಹನ್ನೆರಡು ಗಂಟೆ. ಹೆಣದ ಗಾಡಿ ಬರುವುದು ಮೂರಕ್ಕೆ. ಅಷ್ಟರಲ್ಲಿ ನೂರು ದಾಟಿದರೂ ದಾಟೀತು.

"ಏನ್ರೀ ಅದು, ಬಗ್ಗಿ ಬಗ್ಗಿ ನೋಡ್ತಿದ್ದೀರಿ?" ಬಾಗಿಲಲ್ಲಿ ನಿಂತ ಹೆಂಡತಿ ಕೇಳಿದಳು.

"ಏನಿಲ್ಲ. ದಾರಿಗೆ ಅಡ್ಡ ಬಿಟ್ಟಿದ್ರು. ಸರಿಸ್ತಿದ್ದೆ."

"ನನ್ ಹತ್ರ ಬೇಡ. ಎಣಿಸ್ತಿದ್ರಿ." ಅವಳು ದನಿ ತಗ್ಗಿಸಿದಳು. "ಸತ್ತೋರ ಮೇಲೂ ಹೊಟ್ಟೆಕಿಚ್ಚಾ?"

ಅವನು ಇನ್ನೊಂದು ಜೋಡಿಯನ್ನು ಬದಿಗೆ ಸರಿಸಿದ. ಬೆಳಿಗ್ಗೆಯಿಂದ ತನ್ನ ಸಾವಿಗೆ ಯಾರು ಯಾರು ಬಂದಾರು ಎಂದು ಮನಸ್ಸಿನಲ್ಲೇ ಪಟ್ಟಿ ಮಾಡುತ್ತಿದ್ದ. ನಾದಿನಿಯ ಕಡೆಯವರು ಐದು ಜನ, ಓಣಿಯವರು ಒಂದೆಂಟು, ಎಲ್ಲ ಸೇರಿಸಿ ಎಷ್ಟು ಎಳೆದಾಡಿದರೂ ಇಪ್ಪತ್ತು ದಾಟುತ್ತಿರಲಿಲ್ಲ. ಅದರಲ್ಲೂ ಮೂವರು ರಿಪೇರಿಗೆ ಕೊಟ್ಟ ಮಿಕ್ಸಿ ವಾಪಸು ಕೇಳಲು ಬರುವವರು.

ಮನೆಯ ಮುಂದಿನ ಕೋಣೆಯೇ ದರ್ಜಿಯ ಅಂಗಡಿ. ಐವತ್ತು ವರ್ಷ ಬಟ್ಟೆ ಕತ್ತರಿಸಿದ ಉದ್ದನೆಯ ಮೇಜಿನ ಮೇಲೇ ಅವನನ್ನು ಮಲಗಿಸಿದ್ದರು. ತಾನೇ ಹೊಲಿದುಕೊಂಡ ಬಿಳಿ ಅಂಗಿ, ಕತ್ತಿನ ಗುಂಡಿಯವರೆಗೂ ಹಾಕಿತ್ತು. ಗೋಡೆಯ ಮೊಳೆಯಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ಹೊಲಿಗೆ ಮಿಷನ್ನಿನ ಮೇಲೆ ಯಾರದೋ ಅರ್ಧ ಹೊಲಿದ ತೋಳು ಸೂಜಿಯಡಿಯಲ್ಲೇ ಸಿಕ್ಕಿಕೊಂಡಿತ್ತು. ಬಂದವರೆಲ್ಲ ಅವನ ಕಾಲುಗಳ ಹತ್ತಿರ ಒಂದು ಗಳಿಗೆ ನಿಂತು, ಒಂದೇ ಮಾತು ಹೇಳಿ, ಬಾಡಿಗೆ ಕುರ್ಚಿಗಳಲ್ಲಿ ಕೂರುತ್ತಿದ್ದರು.

"ಪಾಪ, ಸ್ಕೋರಣ್ಣ."

"ಎಪ್ಪತ್ತೆಂಟೇನು ವಯಸ್ಸಾ, ಸ್ಕೋರಣ್ಣಂಗೆ?"

"ಸ್ಕೋರಣ್ಣನಂಥೋರು ಇನ್ನೆಲ್ಲಿ."

ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ರೇಡಿಯೊದವನಿಗೆ ಯಾರೋ ಸೂಜಿ ಚುಚ್ಚಿದ ಹಾಗಾಗುತ್ತಿತ್ತು. ಆ ಹೆಸರು ದರ್ಜಿಯದಲ್ಲ. ಆ ಹೆಸರು ಅವನದು, ರೇಡಿಯೊದವನದು. ಇಪ್ಪತ್ತೇಳು ವರ್ಷದಿಂದ ಇನ್ನೊಬ್ಬನ ಮೈಮೇಲೆ ಇದ್ದ ಅವನದೇ ಅಂಗಿ.

ಹೋಗುವಾಗಲಾದರೂ ದರ್ಜಿ ಅದನ್ನು ವಾಪಸು ಕೊಡುತ್ತಾನೆ ಎಂದುಕೊಂಡಿದ್ದ. ಕೊಡಲಿಲ್ಲ. ತೆಗೆದುಕೊಂಡೇ ಹೊರಟಿದ್ದ.

*

ಆ ಕಾಲದಲ್ಲಿ ಓಣಿಗೆ ಆಟ ಬರುತ್ತಿದ್ದದ್ದು ರೇಡಿಯೊದವನ ರಿಪೇರಿ ಅಂಗಡಿಯಿಂದ. ಪಂದ್ಯ ಇದ್ದ ದಿನ ಅವನು ದೊಡ್ಡ ರೇಡಿಯೊವನ್ನು ರಸ್ತೆಗೆ ಮುಖ ಮಾಡಿಸಿ ಕೌಂಟರಿನ ಮೇಲಿಡುತ್ತಿದ್ದ. ಪಕ್ಕದಲ್ಲಿ ಒಂದು ಸ್ಲೇಟು ನೇತುಹಾಕಿ ಸೀಮೆಸುಣ್ಣದಲ್ಲಿ ರನ್ನು, ವಿಕೆಟ್ಟು ಬರೆಯುತ್ತಿದ್ದ. ಟೀ ಲೋಟ ಹಿಡಿದ ಜನ ರಸ್ತೆಯ ಅರ್ಧದವರೆಗೂ ನಿಲ್ಲುತ್ತಿದ್ದರು. ಬಂದವರೆಲ್ಲ "ಸ್ಕೋರೆಷ್ಟಣ್ಣ?" ಎಂದು ಕೇಳಿ ಕೇಳಿ ಅವನ ಹೆಸರೇ ಸ್ಕೋರಣ್ಣ ಆಯಿತು.

ಅವನು ಸುಮ್ಮನೆ ಸ್ಕೋರು ಹೇಳುತ್ತಿರಲಿಲ್ಲ, ಅದಕ್ಕೊಂದು ಒಗ್ಗರಣೆ ಹಾಕುತ್ತಿದ್ದ. ಆಲೌಟ್ ಎಂಬ ಪದ ಅವನ ಬಾಯಲ್ಲಿ ಬರುತ್ತಲೇ ಇರಲಿಲ್ಲ. "ಎದುರಿನೋರು ನೂರಾಹನ್ನೊಂದಕ್ಕೆ ಗಂಟುಮೂಟೆ!" ಎನ್ನುತ್ತಿದ್ದ, ಜನ ಹೋ ಎನ್ನುತ್ತಿದ್ದರು. ಎದುರು ಸಾಲಿನಲ್ಲಿ ಮಿಷನ್ ತುಳಿಯುತ್ತಿದ್ದ ದರ್ಜಿ ಅಲ್ಲಿಂದಲೇ "ಎಷ್ಟಾಯ್ತಯ್ಯ?" ಎಂದು ಕೂಗುತ್ತಿದ್ದ. ಇವನು ಬೆರಳು ತೋರಿಸುತ್ತಿದ್ದ. ಇಬ್ಬರೂ ಒಂದೇ ವಾರಿಗೆಯವರು, ಸಂಜೆ ಟೀ ಜೊತೆಯಲ್ಲೇ. ಎಲ್ಲವೂ ಸರಿಯಾಗಿತ್ತು.

ಆಮೇಲೆ ದರ್ಜಿಗೆ ಪೇಜರ್ ಬಂತು.

ಅದಕ್ಕಾಗಿ ಅವನು ಒಂದು ಹುಲ್ಲುಕಡ್ಡಿಯನ್ನೂ ಎತ್ತಿರಲಿಲ್ಲ. ಬಟ್ಟೆ ಕಂಪನಿಯೊಂದು ದರ್ಜಿಗಳ ಹೆಸರಿನ ಚೀಟಿ ಎತ್ತಿತ್ತು, ಇವನದು ಬಂದಿತ್ತು. ಮೂರು ವರ್ಷದ ಸೇವೆಯೂ ಸೇರಿ ಬಹುಮಾನ. ಅಂಗಿಯ ರಟ್ಟಿನ ಡಬ್ಬದಲ್ಲಿ ಅದನ್ನಿಟ್ಟುಕೊಂಡು ರಸ್ತೆ ದಾಟಿ ಬಂದ.

"ನೋಡಯ್ಯ, ಇದೇನೋ ಕೊಟ್ಟವ್ರೆ. ಮಾತಾಡಲ್ವಂತೆ, ಬರೀ ಓದೋದಂತೆ. ನಿನ್ನ ಬಿಟ್ರೆ ಇನ್ಯಾರಿಗೆ ಗೊತ್ತಾಗತ್ತೆ?"

ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಆ ಕಪ್ಪು ಡಬ್ಬವನ್ನು ರೇಡಿಯೊದವನು ತಿರುಗಿಸಿ ತಿರುಗಿಸಿ ನೋಡಿದ. ಇದು ತನಗೆ ಬರಬೇಕಾದದ್ದು. ಸೂಜಿಗೆ ದಾರ ಪೋಣಿಸುವವನಿಗೆ ಇದೆಲ್ಲ ಯಾಕೆ? ನನಗೂ ಗೊತ್ತಿಲ್ಲ ಕಣಯ್ಯ ಎಂದು ಅಂದೇ ಹೇಳಿದ್ದರೆ ಅದು ಡಬ್ಬದಲ್ಲೇ ಧೂಳು ಹಿಡಿಯುತ್ತಿತ್ತು. ಆದರೆ ಗೊತ್ತಿಲ್ಲ ಎನ್ನುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

"ಏನ್ ಮಹಾ ಇದು," ಎಂದು ಕನ್ನಡಕ ಏರಿಸಿದ.

ಸೆಲ್ ಹಾಕಿದ. ಗಂಟೆ ಕೂಡಿಸಿದ. ಓಣಿಯ ತುದಿಯ ಫೋನ್ ಬೂತಿಗೆ ಹೋಗಿ ಪೇಜರಿನ ಬೆನ್ನಮೇಲಿದ್ದ ನಂಬರನ್ನು ಕೇಂದ್ರಕ್ಕೆ ಹೇಳಿ ಚಾಲೂ ಮಾಡಿಸಿದ. ಯಾವ ಸುದ್ದಿ ಬೇಕು, ಹವಾಮಾನದ್ದಾ, ಆಟದ್ದಾ ಎಂದು ಆಪರೇಟರ್ ಹುಡುಗಿ ಕೇಳಿದಾಗ, ಆಟದ್ದು ಎಂದವನೂ ಅವನೇ. ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಳ್ಳುತ್ತಿದ್ದೇನೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಕೆಲಸ ಅಷ್ಟು ಚೆನ್ನಾಗಿ ಸಾಗುತ್ತಿತ್ತು.

"ಈಗ ಕೇಳು," ಎಂದು ದರ್ಜಿಗೆ ಪಾಠ ಹೇಳಿದ. "ಒಂದು ಸಲ ಕೀಂ ಅಂದ್ರೆ ಆಟದ ಸುದ್ದಿ. ಅದು ಮಿಷನ್ ಕಳಿಸೋದು, ಊರಿಗೆಲ್ಲ ಒಂದೇ. ಮೂರು ಸಲ ಕೀಂ ಕೀಂ ಕೀಂ ಅಂದ್ರೆ ಮನುಷ್ಯರು. ನಿನಗೇ ಅಂತ ಯಾರೋ ಕಳಿಸಿರೋದು. ಹಾಗೆ ಕೂಡಿಸಿದೀನಿ."

"ನನಗ್ಯಾರಯ್ಯ ಕಳಿಸ್ತಾರೆ, ಮೂರು ಸಲ?"

"ನಿನ್ನ ಮಗಳಿಲ್ವಾ ಹಾಸ್ಟೆಲ್ಲಲ್ಲಿ. ನಂಬರ್ ಕೊಡು ಅವಳಿಗೆ."

"ಅವಳಿಗೆಲ್ಲಿ ಪುರುಸೊತ್ತು."

ಪರೀಕ್ಷೆ ಮಾಡಲೆಂದು ರೇಡಿಯೊದವನು ಮತ್ತೆ ಬೂತಿಗೆ ಹೋಗಿ ಒಂದೇ ಪದದ ಚಿಕ್ಕ ಸಂದೇಶ ಕಳಿಸಿ ಬಂದ. ಬರುವಾಗ ನೋಡಿದರೆ ದರ್ಜಿ ರಸ್ತೆಯ ನಟ್ಟನಡುವೆ ಅಂಗೈ ಮೇಲೆ ಪೇಜರ್ ಇಟ್ಟುಕೊಂಡು ನಿಂತಿದ್ದ, ಹಿಂದೆ ಸೈಕಲ್ಲಿನವನೊಬ್ಬ ಬೆಲ್ಲು ಬಾರಿಸುತ್ತಿದ್ದ.

"ಬಂತಯ್ಯ! ಮೂರು ಸಲ ಕೂಗ್ತು! ಮೂರು ಸಲ!"

*

"ನನ್ ಪ್ಯಾಂಟಿನ ಕತೆ ಗೊತ್ತಲ್ಲ ನಿಮಗೆ?" ನಿವೃತ್ತ ಪೋಸ್ಟ್‌ಮ್ಯಾನ್ ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. "ನನ್ ಸೊಂಟ ಆಗ ಮೂವತ್ತು. ಹೊಲಿದಿದ್ದು ನಲವತ್ತೇಳಕ್ಕೆ! ಹಾಕ್ಕೊಂಡ್ರೆ ಒಳಗೆ ಇನ್ನೊಬ್ಬ ಹಿಡೀತಿದ್ದ. ಏನ್ ಸ್ಕೋರಣ್ಣ ಇದು ಅಂದ್ರೆ, ಅಳತೆ ಪುಸ್ತಕ ತೆಗೆದು ನೋಡ್ತಾರೆ, ತಲೆ ಕೆರ್ಕೋತಾರೆ. ಅದು ಓಪನರ್ ಹೊಡೆದಿದ್ದ ರನ್ನು!"

ಸಾವಿನ ಮನೆಯಲ್ಲಿ ನಗಬಾರದು ಎಂದು ಬಾಯಿಗೆ ಕೈ ಅಡ್ಡ ಹಿಡಿದು ಎಲ್ಲರೂ ನಕ್ಕರು. ದರ್ಜಿಯ ಹೆಂಡತಿ ಕೂಡ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. "ಸ್ಕೋರೂ ಅಳತೆ ಪುಸ್ತಕದಲ್ಲೇ ಬರೀತಿದ್ರು. ಬೇರೆ ಪುಸ್ತಕ ಇಟ್ಕೊಳ್ಳಿ ಅಂದ್ರೆ ಕೇಳ್ತಿರ್ಲಿಲ್ಲ," ಎಂದಳು.

ರೇಡಿಯೊದವನು ನಗಲಿಲ್ಲ. ತನ್ನ ತಪ್ಪನ್ನು ಯಾರಾದರೂ ಇಷ್ಟು ಅಕ್ಕರೆಯಿಂದ ನೆನೆದಾರೇ? ಅವನು ಒಮ್ಮೆ ಪೋಸ್ಟ್‌ಮ್ಯಾನಿನ ರೇಡಿಯೊದ ಸರ್ಕೀಟು ಸುಟ್ಟಿದ್ದ. ಅದನ್ನೂ ಆ ಮನುಷ್ಯ ಮರೆತಿರಲಿಲ್ಲ, ಆದರೆ ಹೇಳುವಾಗ ನಗುತ್ತಿರಲಿಲ್ಲ.

ಅಷ್ಟರಲ್ಲಿ ದರ್ಜಿಯ ಮಗಳು ಮಿಷನ್ನಿನ ಡ್ರಾಯರ್ ಎಳೆದು ಒಂದು ಬಿಸ್ಕತ್ತಿನ ತಗಡಿನ ಡಬ್ಬ ತೆಗೆದಳು. ಅವಳೀಗ ಆಸ್ಪತ್ರೆಯೊಂದರಲ್ಲಿ ಹಿರಿಯ ನರ್ಸು, ಕಿವಿಯ ಹತ್ತಿರ ಕೂದಲು ಬೆಳ್ಳಗಾಗುತ್ತಿತ್ತು. ಡಬ್ಬದೊಳಗೆ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದ ಪೇಜರ್ ಇತ್ತು. ಅದರಡಿಯಲ್ಲಿ ಉದ್ದನೆಯ ಅಳತೆ ಪುಸ್ತಕ.

"ಅಯ್ಯೋ, ಇನ್ನೂ ಇಟ್ಟಿದ್ರಾ!" ಎನ್ನುತ್ತ ಕಟಿಂಗ್ ಅಂಗಡಿಯವನು ಪುಸ್ತಕಕ್ಕೆ ಕೈ ಹಾಕಿದ. ಪೇಜರ್ ಕಾಲದಲ್ಲಿ ಗಿರಾಕಿಯ ಅರ್ಧ ಗಡ್ಡ ಬಿಟ್ಟು ದರ್ಜಿಯ ಅಂಗಡಿಗೆ ಓಡುತ್ತಿದ್ದವನು ಇವನೇ. ಪುಟ ತಿರುಗಿಸಿ ಗಟ್ಟಿಯಾಗಿ ಓದತೊಡಗಿದ. "ಕತ್ತು ಹದಿನೈದು, ತೋಳು ಇಪ್ಪತ್ತಮೂರು, ನಮ್ಮವರು ನೂರಾ ಎಂಬತ್ತೆರಡಕ್ಕೆ ನಾಲ್ಕು, ಕಾಲರ್ ಅಗಲ ಬೇಡ ಅಂದಿದ್ದಾರೆ... ದಿನಾನೂ ಬರ್ದವ್ರೆ ಕಣ್ರೀ! ಬಂದ ಒಂದೊಂದು ಸುದ್ದೀನೂ ಬರ್ದವ್ರೆ!"

ರೇಡಿಯೊದವನು ಕುರ್ಚಿಯ ಅಂಚಿಗೆ ಸರಿದ. ಬಂದ ಒಂದೊಂದು ಸುದ್ದಿಯನ್ನೂ ಬರೆದಿದ್ದರೆ ಅದರಲ್ಲಿ ತನ್ನ ಪಾಪವೂ ಇರಬೇಕಲ್ಲ. ತಾರೀಖಿನ ಸಮೇತ, ಎಲ್ಲ ಎಂಟೂ.

"ಮಾವ," ಎಂದಳು ಮಗಳು, ಅವನತ್ತ ಪೇಜರ್ ಚಾಚಿ. "ಇದಕ್ಕೊಂದು ಸೆಲ್ ಹಾಕಿ ಕೊಡ್ತೀರಾ? ದೀಪ ಹತ್ತಿದ್ರೆ ಸಾಕು. ಅಪ್ಪನ ಜೇಬಲ್ಲಿ ಇಟ್ಟು ಕಳಿಸ್ಬೇಕು. ಶುರುವಲ್ಲೂ ನೀವೇ ಅಲ್ವಾ ಕೂಡಿಸಿ ಕೊಟ್ಟಿದ್ದು?"

"ಆಯ್ತು ಮಗಾ. ಎಷ್ಟೊತ್ತಿನ ಕೆಲಸ." ಅವನು ಎದ್ದ. ಎದ್ದವನೇ ಕಟಿಂಗ್ ಅಂಗಡಿಯವನ ಕೈಯಿಂದ ಪುಸ್ತಕವನ್ನೂ ಕಿತ್ತುಕೊಂಡ. "ಇದೂ ಬೇಕು. ಸೆಟ್ಟಿಂಗ್ ಏನಾದ್ರೂ ಇದರಲ್ಲೇ ಬರ್ಕೊಂಡಿರ್ತಾನೆ."

"ಓದ್ತಿದ್ದೆ ಕಣ್ರೀ!"

"ಆಮೇಲೆ ಓದೀರಂತೆ," ಎಂದವನು ಯಾರದೋ ಚಪ್ಪಲಿ ಮೆಟ್ಟಿಕೊಂಡು ರಸ್ತೆ ದಾಟಿದ.

*

ಪೇಜರ್ ಬಂದ ಒಂದೇ ವಾರಕ್ಕೆ ಜನವೂ ಹೀಗೆಯೇ ರಸ್ತೆ ದಾಟಿದ್ದರು, ಆ ಕಡೆಗೆ.

ರೇಡಿಯೊದ ಗೊರಗೊರದಲ್ಲಿ ಕಿವಿಯಿಟ್ಟು ಯಾರು ಒದ್ದಾಡುತ್ತಾರೆ? ಅಲ್ಲಿ ದರ್ಜಿಯ ಅಂಗಿಯ ಜೇಬು ಅರ್ಧ ಗಂಟೆಗೊಮ್ಮೆ ಕೀಂ ಎನ್ನುತ್ತಿತ್ತು. ದರ್ಜಿ ಮಿಷನ್ ನಿಲ್ಲಿಸಿ, ಕನ್ನಡಕ ಹುಡುಕಿ, ಒಂದೊಂದೇ ಅಕ್ಷರ ಕೂಡಿಸಿ ಓದುವವರೆಗೂ ಇಪ್ಪತ್ತು ಜನ ಅವನ ಬಟ್ಟೆ ಕತ್ತರಿಸುವ ಮೇಜಿನತ್ತ ತಲೆ ಬಗ್ಗಿಸಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಅವನ ಓದಿನಲ್ಲಿ ಒಗ್ಗರಣೆ ಇಲ್ಲ, ಉಪ್ಪು ಖಾರ ಇಲ್ಲ. ಆದರೂ ಅವನೇ ಬೇಕು. ರೇಡಿಯೊದವನ ಸ್ಲೇಟಿನ ಮೇಲೆ ಹಳೆಯ ಪಂದ್ಯದ ಸ್ಕೋರು ಹಾಗೇ ಉಳಿಯಿತು.

ಒಂದು ದಿನ ಕಟಿಂಗ್ ಅಂಗಡಿಯವನು ಕತ್ತರಿ ಕೈಯಲ್ಲೇ ಹಿಡಿದು ಬಂದು ರಸ್ತೆಯ ನಡುವಿನಿಂದ "ಎಷ್ಟಾಯ್ತು, ಸ್ಕೋರಣ್ಣ?" ಎಂದು ಕೂಗಿದ. ಅಭ್ಯಾಸಬಲದಿಂದ ರೇಡಿಯೊದವನು ಬಾಯಿ ತೆರೆದ. ನೋಡಿದರೆ ಕಟಿಂಗ್ ಅಂಗಡಿಯವನ ಮುಖ ಆ ಕಡೆಗಿತ್ತು. ತೆರೆದ ಬಾಯನ್ನು ಆಕಳಿಕೆ ಎಂದು ತೋರಿಸಿ ಮುಚ್ಚಿಕೊಳ್ಳಬೇಕಾಯಿತು.

ಅಂದೇ ಅವನು ಎರಡು ಆಣೆ ಹಾಕಿಕೊಂಡ. ಸ್ಕೋರು ಕೇಳಲು ತಾನು ರಸ್ತೆ ದಾಟುವುದಿಲ್ಲ. ಆ ಹೆಸರಿನಿಂದ ದರ್ಜಿಯನ್ನು ಕರೆಯುವುದಿಲ್ಲ. ಎರಡನ್ನೂ ಚಾಚೂ ತಪ್ಪದೆ ನಡೆಸಿದ.

ಆಮೇಲೊಂದು ಮಧ್ಯಾಹ್ನ, ದೊಡ್ಡ ಪಂದ್ಯದ ದಿನ, ಎದುರಿನ ಗದ್ದಲ ಕೇಳಿ ಕೇಳಿ ಮೈಯೆಲ್ಲ ಉರಿದುಹೋಗಿ, ಅಂಗಡಿಗೆ ಅರ್ಧ ಬಾಗಿಲೆಳೆದು ಓಣಿಯ ತುದಿಯ ಬೂತಿಗೆ ಹೋದ. ನಂಬರು ಬಾಯಿಗೇ ಬರುತ್ತಿತ್ತು.

"ಸಂದೇಶ ಹೇಳಿ ಸರ್," ಎಂದಳು ಆಪರೇಟರ್.

"ನಮ್ಮವರು ತೊಂಬತ್ನಾಲ್ಕಕ್ಕೆ ಗಂಟುಮೂಟೆ."

"ಗಂಟು... ಏನ್ ಸರ್?"

"ಗಂಟುಮೂಟೆ ತಾಯಿ. ಹೇಳಿದ ಹಾಗೆ ಹಾಕಿ."

"ಕಳಿಸಿದವರ ಹೆಸರು?"

"ಹೆಸರು ಬೇಡ."

ಅವನು ವಾಪಸು ಬರುವಷ್ಟರಲ್ಲಿ ದರ್ಜಿ ಓದಿಯಾಗಿತ್ತು. ಓಣಿಯೇ ತಲೆ ಮೇಲೆ ಕೈ ಹೊತ್ತಿತ್ತು. ಯಾರೋ ನಂಬಲಿಲ್ಲ. "ರೇಡಿಯೊ ಹಾಕಿ ಯಜಮಾನ್ರೇ, ನೋಡೇಬಿಡೋಣ," ಎಂದು ಜನವೆಲ್ಲ ಇವನ ಕೌಂಟರಿಗೆ ಮುಗಿಬಿದ್ದರು. ಇವನು ನಿಧಾನವಾಗಿ, ಬೇಕೆಂದೇ ನಿಧಾನವಾಗಿ, ಗುಬುಟು ತಿರುಗಿಸಿದ. ನಮ್ಮವರು ನೂರಾ ನಲವತ್ತಕ್ಕೆ ಮೂರು! ಜನ ಕುಣಿದರು. "ಏನ್ ದರ್ಜಿಯೋರೆ, ಡಬ್ಬ ಕೈ ಕೊಡ್ತಾ?" ಎಂದು ನಕ್ಕರು. ದರ್ಜಿ ಅಂಗಡಿ ಬಾಗಿಲಲ್ಲಿ ಪೆಚ್ಚುಮೋರೆ ಹಾಕಿ ನಿಂತು, "ಮಿಷನ್ ಅಲ್ವಾ, ಒಂದೊಂದು ಸಲ ತಪ್ಪತ್ತೆ," ಎನ್ನುತ್ತ ಪೇಜರಿನ ತಲೆಗೆ ಮೊಟಕುತ್ತಿದ್ದ.

ಅಂದು ಸಂಜೆಯವರೆಗೂ ಜನ ಇವನ ಅಂಗಡಿ ಬಿಟ್ಟು ಕದಲಲಿಲ್ಲ. ಸ್ಲೇಟು ಮೂರು ಸಲ ಒರೆಸಿದ. ಅಷ್ಟು ಖುಷಿಯಾಗಿ ದರ್ಜಿಗೆ ತಾನೇ ಟೀ ಕುಡಿಸಿದ. ಮಾರನೆಯ ದಿನ ಜನ ಮತ್ತೆ ಆ ಕಡೆಗೆ ಹೋದರು, ಅದು ಬೇರೆ ಮಾತು. ಮೂರು ವರ್ಷದಲ್ಲಿ, ತಡೆದುಕೊಳ್ಳಲು ಆಗದೇ ಹೋದಾಗ, ಎಂಟು ಸಲ ಅವನು ಆ ಬೂತಿಗೆ ಹೋಗಿದ್ದ.

ಕೊನೆಗೆ ಪೇಜರ್ ಕಂಪನಿಯೇ ಮುಚ್ಚಿತು. ಎಲ್ಲರ ಕೈಗೂ ಮೊಬೈಲ್ ಬಂತು. ಯಾರೂ ಯಾರನ್ನೂ ಸ್ಕೋರು ಕೇಳದ ಹಾಗಾಯಿತು. ಹೆಸರು ಮಾತ್ರ ಆ ಕಡೆಯೇ ಉಳಿಯಿತು.

*

ಅರ್ಧ ಬಾಗಿಲೆಳೆದ ಅಂಗಡಿಯಲ್ಲಿ ರೇಡಿಯೊದವನು ಮೊದಲು ಪುಸ್ತಕ ತೆರೆದ. ಆ ಎಂಟು ಎಲ್ಲಿದ್ದರೂ ಹುಡುಕಿ ಹರಿದು ಹಾಕುವುದು, ಆಮೇಲೆ ಸೆಲ್ಲಿನ ವಿಚಾರ. ಮುಂದಿನ ಪುಟಗಳನ್ನೆಲ್ಲ ತಿರುವಿದ. ಸೊಂಟ, ತೋಳು, ರನ್ನು, ವಿಕೆಟ್ಟು. ತೊಂಬತ್ನಾಲ್ಕು ಎಲ್ಲೂ ಇರಲಿಲ್ಲ. ನಿಟ್ಟುಸಿರು ಬಿಟ್ಟು ಮುಚ್ಚುವಾಗ ಪುಸ್ತಕದ ಹಿಂಬದಿಯ ರಟ್ಟು ತೆರೆದುಕೊಂಡಿತು. ಪುಸ್ತಕವನ್ನು ತಲೆಕೆಳಗು ಮಾಡಿ ಹಿಂದಿನಿಂದ ಬರೆದ ಒಂದೂವರೆ ಪುಟ. ಮೇಲೆ ದಪ್ಪ ಅಕ್ಷರದಲ್ಲಿ ತಲೆಬರಹ: ಮೂರು ಸಲ ಕೂಗಿದ್ದು.

ಮೊದಲನೆಯದು: "ಕೇಳಿಸ್ತಾ?" ರೇಡಿಯೊದವನು ಕಳಿಸಿದ್ದು. ಕೇಳಿಸ್ತು.

ಎರಡನೆಯದು: "ತಲುಪಿದೆ ಅಪ್ಪ." ಮಗಳು.

ಮೂರನೆಯದು: "ನಮ್ಮವರು ೯೪ಕ್ಕೆ ಗಂಟುಮೂಟೆ." ರೇಡಿಯೊದವನು ಕಳಿಸಿದ್ದು. ಗಂಟುಮೂಟೆ ಅನ್ನುವವನು ಲೋಕದಲ್ಲಿ ಅವನೊಬ್ಬನೇ. ಜನಕ್ಕೆ ಗೊತ್ತಾಗಬಾರದು ಅಂತ ಆಲೌಟ್ ಅಂತ ಓದಿದೆ. ಸುಳ್ಳು ಅಂತ ಗೊತ್ತಿತ್ತು. ಓದದೇ ಇದ್ದರೆ ಅವನಿಗೆ ಬೇಜಾರಾಗುತ್ತೆ. ಜನ ಎಲ್ಲ ಅವನ ಅಂಗಡಿಗೆ ಹೋದರು. ಸಂಜೆ ಟೀ ಕುಡಿಸಿದ. ಭಾರಿ ಖುಷಿಯಲ್ಲಿದ್ದ.

ನಾಲ್ಕನೆಯದು, ಐದನೆಯದು. ಎಲ್ಲದರ ಮುಂದೂ ಅವನ ಹೆಸರು. ಆಲೌಟ್ ಅಂತ ಓದಿದೆ. ಜನ ಹೋದರು. ಸ್ಲೇಟು ಒರೆಸಿದ. ಒಂದು ಕಡೆ ಮಗಳದು: "ಪಾಸಾದೆ." ಅದರ ಕೆಳಗೆ ಸಂದೇಶವೇ ಇಲ್ಲದ ಒಂದು ಸಾಲು: ಐದು ತಿಂಗಳಾಯಿತು, ರೇಡಿಯೊದವನು ಏನೂ ಕಳಿಸಿಲ್ಲ. ಮೈಗೆ ಹುಷಾರಿಲ್ಲವೋ ಏನೋ. ಹೋಗಿ ನೋಡಬೇಕು.

ರೇಡಿಯೊದವನಿಗೆ ನೆನಪಾಯಿತು. ಕಾಮಾಲೆಯಾಗಿ ಮಲಗಿದ್ದ. ಯಾರಿಗೂ ಹೇಳಿರಲಿಲ್ಲ. ದರ್ಜಿ ಬಂದು ಮಂಚದ ಪಕ್ಕ ಕೂತು ಇಡೀ ಮಧ್ಯಾಹ್ನ ಅದೂ ಇದೂ ಮಾತಾಡಿದ್ದ. ಇವನಿಗೆ ಹೇಗೆ ಗೊತ್ತಾಯಿತು ಎಂದು ಆಗ ಆಶ್ಚರ್ಯಪಟ್ಟಿದ್ದ.

ಹನ್ನೆರಡನೆಯದೇ ಕೊನೆ. "ನಮ್ಮವರು ೭೧ಕ್ಕೆ ಗಂಟುಮೂಟೆ." ಓದಿದೆ. ಒಟ್ಟು ಹನ್ನೆರಡು ಬಂತು. ಮಗಳದು ಮೂರು, ಅವನದು ಒಂಬತ್ತು. ಅವನು ಇಲ್ಲದಿದ್ದರೆ ಈ ಡಬ್ಬ ನನ್ನನ್ನು ಕರೆದೇ ಇರುತ್ತಿರಲಿಲ್ಲ.

ಅವನು ಸ್ಟೂಲಿನ ಮೇಲೆ ಕೂತುಬಿಟ್ಟ. ಮೊದಲು ಬಂದದ್ದು ಅಳು ಅಲ್ಲ, ಸಿಟ್ಟು. ಎಂಟು ಸಲ ಗೆದ್ದೆ ಎಂದುಕೊಂಡಿದ್ದನಲ್ಲ, ಎಂಟನ್ನೂ ದರ್ಜಿ ಬಿಟ್ಟುಕೊಟ್ಟಿದ್ದ. ಓಣಿಯ ಮುಂದೆ ಪೆಚ್ಚುಮೋರೆ ಹಾಕಿ ನಿಂತು, ಪಾಪದ ಪೇಜರಿನ ತಲೆಗೆ ಮೊಟಕಿ, ಜನವನ್ನು ತಾನೇ ಈ ಕಡೆಗೆ ಕಳಿಸಿದ್ದ. ಇಪ್ಪತ್ತೇಳು ವರ್ಷ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಲಾಟರಿಯಲ್ಲಿ ಗೆದ್ದ, ಹೆಸರಲ್ಲಿ ಗೆದ್ದ, ಚಪ್ಪಲಿಯ ಲೆಕ್ಕದಲ್ಲಿ ಗೆದ್ದ. ಒಳ್ಳೆಯತನದಲ್ಲಾದರೂ ಒಂದಿಷ್ಟು ಬಾಕಿ ಬಿಡಬಾರದಿತ್ತೇ? ಅದರಲ್ಲೂ ಇವನನ್ನು ಮೀರಿಸಿ ಮೇಜಿನ ಮೇಲೆ ಹಾಯಾಗಿ ಮಲಗಿದ್ದ.

"ನನ್ಮಗನೆ," ಎಂದ ರೇಡಿಯೊದವನು ಗಟ್ಟಿಯಾಗಿ. ಆಮೇಲೆ ಅತ್ತ.

ಗಂಟೆ ಎರಡಾಗುತ್ತಿತ್ತು. ಕಣ್ಣೊರೆಸಿಕೊಂಡು ಕೆಲಸಕ್ಕೆ ಕೂತ. ಪೇಜರಿನ ಹಳೆಯ ಸೆಲ್ಲು ಸೋರಿ ಒಳಗಿನ ತಗಡುಗಳ ಮೇಲೆ ಹಸಿರು ಕಟ್ಟಿತ್ತು. ಚಾಕುವಿನ ತುದಿಯಿಂದ ಕೆರೆದು, ಸ್ಪಿರಿಟ್ಟಿನಲ್ಲಿ ಒರೆಸಿದ. ಡಬ್ಬಗಳಲ್ಲೆಲ್ಲ ತಡಕಿದರೂ ಹೊಸ ಸೆಲ್ಲು ಸಿಗಲಿಲ್ಲ. ಗೋಡೆಯ ಗಡಿಯಾರ ಇಳಿಸಿ, ಅದರ ಟೈಮು ನೋಡಿಕೊಂಡು, ಅದರದೇ ಸೆಲ್ಲು ಕಿತ್ತು ಪೇಜರಿಗೆ ಹಾಕಿದ. ಸಣ್ಣ ಪರದೆ ಕಣ್ಣು ಬಿಟ್ಟಿತು. ಕೂಡಿಸಬೇಕಾದ ಗುಂಡಿಗಳನ್ನು ಅವನ ಬೆರಳು ಇನ್ನೂ ಮರೆತಿರಲಿಲ್ಲ. ಗಂಟೆ ಕೂಡಿಸಿದ.

ಸಂದೇಶ ಕಳಿಸಲು ಈಗ ಕೇಂದ್ರವಿಲ್ಲ, ಬೂತಿಲ್ಲ, ಗಂಟು ಏನ್ ಸರ್ ಎಂದು ಕೇಳುವ ಹುಡುಗಿಯಿಲ್ಲ. ಆದರೆ ಆ ಪೇಜರಿನಲ್ಲಿ ಅಲಾರಂ ಇತ್ತು. ಅವನು ಮೂರು ಗಂಟೆ ಹತ್ತು ನಿಮಿಷಕ್ಕೆ ಅಲಾರಂ ಕೂಡಿಸಿದ. ಯಾವ ಸದ್ದು ಎಂದು ಅದು ಕೇಳಿತು. ಮೂರು ಸಲದ್ದನ್ನು ಆರಿಸಿದ.

*

"ಆಯ್ತಾ ಮಾವ?"

"ಆಯ್ತು ಮಗಾ." ಅವನೇ ಬಗ್ಗಿ ದರ್ಜಿಯ ಅಂಗಿಯ ಜೇಬಿಗೆ ಪೇಜರ್ ಇಳಿಸಿದ. ಜೇಬಿನ ಹೊಲಿಗೆ ಎಂಥ ನೀಟು! ಅದಕ್ಕೂ ಒಂದು ಕ್ಷಣ ಹೊಟ್ಟೆ ಉರಿಯಿತು.

"ಪುಸ್ತಕ? ಅದನ್ನೂ ಜೊತೆಗೇ ಇಟ್ಬಿಡ್ಲಾ?"

ಇಡು ಎಂದರೆ ಮುಗಿದುಹೋಗುತ್ತಿತ್ತು. ಮಣ್ಣಿನಡಿಯಿಂದ ಯಾರೂ ಎತ್ತಿ ಓದುವುದಿಲ್ಲ. ಅವನು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಒಂದು ಪುಟವನ್ನೂ ಹರಿದಿರಲಿಲ್ಲ.

"ಬೇಡ. ನೀನು ಇಟ್ಕೋ," ಎಂದ. "ಹಿಂದಿನಿಂದ ಓದು. ಓದಿದ್ಮೇಲೆ ಇವರಿಗೆಲ್ಲ ಓದಿ ಹೇಳು. ಕಟಿಂಗ್ ಅಂಗಡಿಯವನಿಗೆ ಎರಡು ಸಲ ಹೇಳು, ಅವನಿಗೆ ಕಿವಿ ಮಂದ."

ಮಗಳು ಅವನ ಕೆಂಪಾದ ಕಣ್ಣು ನೋಡಿದಳು. ಪುಸ್ತಕ ತೆಗೆದುಕೊಂಡಳು.

ಮೂರಕ್ಕೆ ಸರಿಯಾಗಿ ಗಾಡಿ ಬಂದು ಓಣಿಯ ತುದಿಯಲ್ಲಿ ನಿಂತಿತು. ದರ್ಜಿಯನ್ನು ಮರದ ಪೆಟ್ಟಿಗೆಗೆ ಇಳಿಸಿ ಮುಚ್ಚಳ ಹಾಕಿದರು. ಹೊರಗೆ ಜನ ಎಷ್ಟಿದ್ದರೆಂದರೆ ಚಪ್ಪಲಿಗಳ ಜಾಗವೇ ಕಾಣುತ್ತಿರಲಿಲ್ಲ. ಎಣಿಸುವ ಗೋಜಿಗೆ ಅವನು ಹೋಗಲಿಲ್ಲ. ಹೆಗಲು ಕೊಡಲು ಮುಂದೆ ಬಂದಾಗ ಹೆಂಡತಿ ತೋಳು ಹಿಡಿದಳು.

"ಎಪ್ಪತ್ತಾರು ನಿಮಗೆ. ಆಗತ್ತಾ?"

"ಆಗತ್ತೆ ಬಿಡೆ."

ಮುಂದಿನ ಬಲಗಡೆಗೆ ಅವನು, ಹಿಂದೆ ಪೋಸ್ಟ್‌ಮ್ಯಾನಿನ ಮಗ. ಒಟ್ಟು ಆರು ಜನ ಪೆಟ್ಟಿಗೆ ಎತ್ತಿ ಮೆಟ್ಟಿಲಿಳಿದರು. ರಸ್ತೆಯ ನಡುವಿಗೆ ಬಂದರು, ಒಂದು ಕಾಲದಲ್ಲಿ ದರ್ಜಿ ಅಂಗೈ ಮೇಲೆ ಪೇಜರ್ ಇಟ್ಟುಕೊಂಡು ನಿಂತಿದ್ದ ಅದೇ ಜಾಗಕ್ಕೆ. ಮರದ ಹಲಗೆ ರೇಡಿಯೊದವನ ಕಿವಿಗೆ ಒತ್ತಿತ್ತು.

ಕೀಂ ಕೀಂ ಕೀಂ.

ಅಳುತ್ತಿದ್ದವರು ಅಳು ನಿಲ್ಲಿಸಿದರು. ಯಾರೋ ತಮ್ಮ ಮೊಬೈಲ್ ತಡಕಿದರು. ಮತ್ತೆ ಬಂತು, ಪೆಟ್ಟಿಗೆಯ ಒಳಗಿನಿಂದ, ಸ್ಪಷ್ಟವಾಗಿ. ಕೀಂ ಕೀಂ ಕೀಂ. ಇಪ್ಪತ್ತು ವರ್ಷಕ್ಕೂ ಮೇಲೆ ಆ ಸದ್ದು ಕೇಳಿ ಹೆಗಲು ಕೊಟ್ಟ ಆರೂ ಮಂದಿ ಹೆಜ್ಜೆ ಎತ್ತದೆ ನಿಂತರು.

ರೇಡಿಯೊದವನ ಬಾಯಿಂದ ಮಾತು ಹೊರಟಿತು. ಗಟ್ಟಿಯಾಗಿ, ಓಣಿಗೆಲ್ಲ ಕೇಳುವ ಹಾಗೆ.

"ಎಷ್ಟಾಯ್ತು, ಸ್ಕೋರಣ್ಣ?"

ಯಾರೂ ನಗಲಿಲ್ಲ. ಕಟಿಂಗ್ ಅಂಗಡಿಯವನು ಕಿವಿಯ ಹಿಂದೆ ಕೈಯಿಟ್ಟುಕೊಂಡು ಹತ್ತಿರ ಸರಿದ. ಪೋಸ್ಟ್‌ಮ್ಯಾನ್ ಸರಿದ. ನಡುರಸ್ತೆಯಲ್ಲಿ ಇಡೀ ಓಣಿ ಪೆಟ್ಟಿಗೆಯತ್ತ ತಲೆ ಬಗ್ಗಿಸಿ, ಉಸಿರು ಬಿಗಿಹಿಡಿದು ನಿಂತಿತು. ಎಲ್ಲರಿಗಿಂತ ಮುಂದೆ, ಹಲಗೆಗೆ ಕಿವಿಯೊತ್ತಿ, ರೇಡಿಯೊದವನೂ ನಿಂತಿದ್ದ.